ಮುತ್ತಣ್ಣನಿಗೆ ಎತ್ತಿಟ್ಟ ಎರಡು ಜಿಬಿ

ಪೀಣ್ಯ ಎರಡನೇ ಹಂತದಲ್ಲಿ ಯಂತ್ರಗಳ ಹಲ್ಲುಚಕ್ರ, ಅಂದರೆ ಗೇರು ತಯಾರಿಸುವ ಒಂದು ಕಾರ್ಖಾನೆಯಿತ್ತು. ಅದರ ಸರ್ವರ್ ಕೋಣೆಯನ್ನು ಕೊಟ್ರಪ್ಪ ಎಂಬವರು ನೋಡಿಕೊಳ್ಳುತ್ತಿದ್ದರು. ಅವರ ಬಗ್ಗೆ ಬರೆಯುವ ಯೋಗ್ಯತೆ ನನಗಿದೆಯೋ ಇಲ್ಲವೋ ಗೊತ್ತಿಲ್ಲ. ಪರಿಚಯವಾದ ಮರುದಿನವೇ ನಾನು ಅವರ ಕುರ್ಚಿಗೆ ಸಂಚಕಾರ ತಂದವಳು. ಆದರೂ ಬರೆಯುತ್ತಿದ್ದೇನೆ, ಬರೆಯದಿದ್ದರೆ ಇನ್ಯಾರೂ ಬರೆಯುವುದಿಲ್ಲ.

ನನ್ನ ಹೆಸರು ಸುಮಂಗಲಾ, ಊರು ದಾವಣಗೆರೆ. 2012ರಲ್ಲಿ ರಾಜಾಜಿನಗರದ ಒಂದು ಸಣ್ಣ ಕಂಪನಿಯಲ್ಲಿದ್ದೆ. ಬೇರೆಯವರ ಸರ್ವರ್ ಕೆಟ್ಟರೆ ಹೋಗಿ ಸರಿ ಮಾಡಿ ಬರುವುದು ನಮ್ಮ ಕೆಲಸ. ಕೆಲಸ ಚೆನ್ನಾಗಿಯೇ ಬರುತ್ತಿತ್ತು, ಆದರೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲಿ. ಎದುರಿನವರು ಮಾತು ಮುಗಿಸುವ ಮೊದಲೇ ಉತ್ತರ ಕೊಟ್ಟುಬಿಡುತ್ತಿದ್ದೆ. ಈ ಗುಣ ಕಂಪ್ಯೂಟರಿನ ಮುಂದೆ ಹೇಗೋ ನಡೆಯುತ್ತದೆ, ಮನುಷ್ಯರ ಮುಂದೆ ನಡೆಯುವುದಿಲ್ಲ.

ಮಾರ್ಚ್ ತಿಂಗಳ ಒಂದು ಸೋಮವಾರ ನಮ್ಮ ಯಜಮಾನ ಕೃಷ್ಣಪ್ಪನವರು ನನ್ನನ್ನು ಆ ಕಾರ್ಖಾನೆಗೆ ಕಳಿಸಿದರು. ಅಲ್ಲಿಗೆ ಹೊಸದಾಗಿ ಬಂದಿದ್ದ ಮ್ಯಾನೇಜರ್ ಮಲ್ಲಿಕ್ ಗಾಜಿನ ಕ್ಯಾಬಿನ್ನಿನಲ್ಲಿ ಕೂತು ವಿಷಯವನ್ನು ಎರಡೇ ಮಾತಿನಲ್ಲಿ ಹೇಳಿ ಮುಗಿಸಿದರು.

"ಜನವರಿಯಲ್ಲಿ ಹೊಸ ಪ್ಲಾನಿಂಗ್ ಸಾಫ್ಟ್‌ವೇರ್ ಹಾಕಿಸಿದೆ ಮೇಡಂ, ಆವತ್ತಿಂದ ಸರ್ವರ್ ತೆವಳ್ತಾ ಇದೆ. ಆ ಕೊಟ್ರಪ್ಪ ಎರಡು ವರ್ಷದ ಹಿಂದೆ ಅದರಲ್ಲಿ ವರ್ಚುವಲೈಸೇಶನ್ ಫೀಚರ್ ಆನ್ ಮಾಡಿಟ್ಟಿದಾರೆ. ಯಾರೂ ಯೂಸ್ ಮಾಡಲ್ಲ, ಸುಮ್ನೆ ಬಿದ್ದಿದೆ. ಅದು ಮೆಮೊರಿ ತಿನ್ನುತ್ತಾ ಇಲ್ವಾ, ಅಷ್ಟು ಹೇಳಿ ಸಾಕು. ತಿನ್ನುತ್ತೆ ಅಂದ್ರೆ ಮುಂದಿನ ಸೋಮವಾರದಿಂದ ಅವರು ಸ್ಟೋರ್ಸ್‌ಗೆ, ರೂಮು ನೋಡ್ಕೊಳ್ಳೋ ಕೆಲಸ ನಿಮ್ಮ ಕಂಪನಿಗೆ."

ವರ್ಚುವಲೈಸೇಶನ್ ಎಂದರೆ ಬಹಳ ದೊಡ್ಡ ಸಂಗತಿಯೇನಲ್ಲ. ಒಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರು ವಾಸ ಮಾಡಲು ಬಿಡುವ ಸೌಲಭ್ಯ. ಒಳಗಿರುವುದಕ್ಕೆ ಸ್ವಂತ ಪೆಟ್ಟಿಗೆಯಿಲ್ಲ, ವೈರಿಲ್ಲ, ಆದರೆ ತಾನು ಪೂರ್ತಿ ಕಂಪ್ಯೂಟರೇ ಎಂದು ಅದು ತಿಳಿದುಕೊಂಡಿರುತ್ತದೆ. ನಮ್ಮ ಕಸುಬಿನಲ್ಲಿ ಒಳಗಿನದನ್ನು ಅತಿಥಿ ಎಂದೇ ಕರೆಯುತ್ತಾರೆ. ಮಲ್ಲಿಕ್ ಕೇಳಿದ್ದು ಇಷ್ಟೇ, ಅತಿಥಿಯೇ ಇಲ್ಲದ ಮನೆಯಲ್ಲಿ ಅತಿಥಿಯ ಖರ್ಚು ಇರುತ್ತದೆಯೇ?

ಸರ್ವರ್ ಕೋಣೆ ಕಾರ್ಖಾನೆಯ ಹಿಂಭಾಗದಲ್ಲಿತ್ತು. ಬಾಗಿಲ ಹೊರಗೆ ಒಂದು ಜೊತೆ ಚಪ್ಪಲಿಯನ್ನು ನೀಟಾಗಿ ಬಿಡಲಾಗಿತ್ತು. ಅದನ್ನು ನೋಡಿ ನಾನೂ ಯಾಕೋ ಬಿಟ್ಟೇ ಒಳಗೆ ಹೋದೆ. ಕೋಣೆಗೆ ಒಂದೇ ಕಿಟಕಿ, ಅದಕ್ಕೆ ಬಿಸಿಲು ಬೀಳದಂತೆ ನೀಲಿ ಹಾಳೆ ಅಂಟಿಸಿದ್ದರು. ಹೊರಗೆ ಪೀಣ್ಯದ ಬೆಂಕಿ ಬಿಸಿಲು, ಒಳಗೆ ನೆಲದ ಮೇಲೆಲ್ಲ ತಿಳಿನೀಲಿ. ಗೋಡೆಯಾಚೆ ಉಕ್ಕು ಕಡೆಯುವ ನೂರು ಲೇತು ಯಂತ್ರಗಳು ಕಿರುಚುತ್ತಿದ್ದರೂ ಇಲ್ಲಿಗೆ ತಲುಪುವಾಗ ಆ ಸದ್ದು ಯಾರೋ ಗುನುಗುವಷ್ಟು ಮೆತ್ತಗಾಗಿರುತ್ತಿತ್ತು. ಎ.ಸಿ.ಯ ತಂಪು, ಸರ್ವರಿನ ಹಸಿರು ದೀಪಗಳು ಹೊತ್ತಿ ಆರುವುದು, ವಿಭೂತಿಯ ಸಣ್ಣ ವಾಸನೆ. ಕೆರೆಯ ತಳದಲ್ಲಿ ಹೋಗಿ ಕೂತ ಹಾಗಿತ್ತು. ಐದು ನಿಮಿಷದಲ್ಲಿ ನನ್ನ ಸಿಟ್ಟು, ಬಸ್ಸಿನ ಬೆವರು ಎಲ್ಲ ಇಳಿದು ಕಣ್ಣು ಎಳೆಯತೊಡಗಿತು.

ಕೊಟ್ರಪ್ಪನವರಿಗೆ ಆಗ ಐವತ್ತಾರು. ತೆಳ್ಳನೆಯ ಆಳು, ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಕಾರ್ಖಾನೆಯ ನೀಲಿ ಅಂಗಿ. ಬಲಗಣ್ಣು ಸ್ವಲ್ಪ ಮಂಜು. ಮಾತಾಡಿದರೆ ಸರ್ವರಿಗೆ ಎಚ್ಚರವಾದೀತು ಎನ್ನುವಂತೆ ದನಿ ತಗ್ಗಿಸಿ ಮಾತಾಡುತ್ತಿದ್ದರು. ನಾನು ಬಂದ ಕಾರಣ ಅವರಿಗೆ ಮೊದಲೇ ಗೊತ್ತಿತ್ತು.

"ಅದೇನ್ ತಿಂತೈತ್ರೀ ಮೇಡಂ? ತನ್ನ ಪಾಡಿಗೆ ತಾನು ಕುಂತೈತಿ. ಅದರಾಗ ಯಾರೂ ಇಲ್ಲ," ಎಂದರು.

"ನೋಡೋಣ ರೀ. ಅಳೆದು ನೋಡಿದ್ರೆ ಗೊತ್ತಾಗುತ್ತೆ," ಎಂದೆ.

ನನ್ನ ಮಾತಿನ ಧಾಟಿ ಹಿಡಿದು, "ನಮ್ಮ ಕಡೇರನ್ರೀ?" ಎಂದು ಕೇಳಿದರು. ದಾವಣಗೆರೆ ಎಂದಾಗ ಅವರ ಮುಖ ಅರಳಿತು. ಅವರದು ಕೊಟ್ಟೂರು. ನಮ್ಮೂರಿಗೂ ಅವರೂರಿಗೂ ಬಸ್ಸಿನಲ್ಲಿ ಒಂದೆರಡು ತಾಸಿನ ದಾರಿ. ಆ ಕ್ಷಣದಿಂದ ಮೇಡಂ ಹೋಗಿ ನಾನು 'ತಂಗೆವ್ವ' ಆದೆ.

ಅವತ್ತು ಲೆಕ್ಕದಂತೆ ಮೊದಲ ಅಳತೆ ತೆಗೆದುಕೊಂಡೆ. ಸರ್ವರಿನ ಒಟ್ಟು ಮೆಮೊರಿ ಎಂಟು ಜಿಬಿ. ಕೆಲಸದ ಹೊತ್ತಿನಲ್ಲಿ ಏಳೂಮುಕ್ಕಾಲು ಖರ್ಚಾಗಿ ಸರ್ವರ್ ಏದುಸಿರು ಬಿಡುತ್ತಿತ್ತು. ಅಳತೆ ಓಡುತ್ತಿದ್ದಷ್ಟು ಹೊತ್ತು ಕೊಟ್ರಪ್ಪನವರು ತಮ್ಮ ಕಥೆ ಹೇಳಿದರು. ನಾನು ಅರ್ಧ ಎಚ್ಚರದಲ್ಲಿ, ಆ ನೀಲಿ ಬೆಳಕಿನಲ್ಲಿ ತೇಲುತ್ತ ಕೇಳಿದೆ. 1979ರಲ್ಲಿ ಒಂದು ತಗಡಿನ ಟ್ರಂಕು ಹಿಡಿದು ಯಶವಂತಪುರದಲ್ಲಿ ರೈಲಿಳಿದದ್ದು. ಈ ಕಾರ್ಖಾನೆಯ ಗೇಟಿನಲ್ಲಿ ಮೂರು ದಿನ ನಿಂತು ಲೇತಿನ ಕೆಲಸ ಗಿಟ್ಟಿಸಿದ್ದು. ಪಕ್ಕದ ಲೇತಿನಲ್ಲಿ ಗದಗಿನ ಮುತ್ತಣ್ಣ ಎಂಬವರು ಇದ್ದದ್ದು. ರಾಜಗೋಪಾಲನಗರದಲ್ಲಿ ಇಬ್ಬರೂ ಒಂದೇ ರೂಮು ಮಾಡಿದ್ದು. ಕೊಟ್ರಪ್ಪನವರಿಗೆ ಮದುವೆಯಾಗಿ ಹೆಂಡತಿ ಶೇಖವ್ವ ಬಂದ ಮೇಲೆ ಮುತ್ತಣ್ಣ ಎದುರಿನ ವಠಾರಕ್ಕೆ ಹೋದರೂ ಊಟಕ್ಕೆ ಮಾತ್ರ ಇಲ್ಲಿಗೇ ಬರುತ್ತಿದ್ದದ್ದು. ಅವರು ಮದುವೆ ಆಗಲಿಲ್ಲವಂತೆ.

1998ರಲ್ಲಿ ಲೇತಿನಿಂದ ಹಾರಿದ ಉಕ್ಕಿನ ಚೂರು ಕೊಟ್ರಪ್ಪನವರ ಬಲಗಣ್ಣಿಗೆ ಬಡಿಯಿತು. ಆಮೇಲೆ ಲೇತು ಬಿಡಿಸಿ ಅವರನ್ನು ಈ ಕೋಣೆಗೆ ಹಾಕಿದರು, ಬಾಗಿಲು ತೆಗೆಯುವುದಕ್ಕೆ, ಧೂಳು ಒರೆಸುವುದಕ್ಕೆ. ಅಷ್ಟರಲ್ಲಿ ಮುತ್ತಣ್ಣ ತಾವಾಗಿಯೇ ಕಂಪ್ಯೂಟರ್ ಕಲಿತು ಇಲ್ಲೇ ಕೂತಿದ್ದರು. ಅವರು ಕಲಿಸಿದರು, ಇವರು ಕಲಿತರು. "ಅಕ್ಷರ ಒಂದೊಂದೇ ಹುಡುಕಿ ಒತ್ತತಿದ್ದೆ ತಂಗೆವ್ವ. ಬೈತಿದ್ದಾ. ಹಂಗ ಬೈಯೋರು ಈಗ ಯಾರದಾರ?" ಎಂದು ನಕ್ಕರು.

ಕೋಣೆಯ ಮೂಲೆಯಲ್ಲಿ ಬಿಳಿ ಬಟ್ಟೆ ಹೊದಿಸಿದ ಒಂದು ಹಳೆಯ ಕಂಪ್ಯೂಟರಿತ್ತು. ಅದು ಮುತ್ತಣ್ಣನದು. ಗೇರನ್ನು ಕಾಯಿಸಿ ತಣಿಸಿ ಗಟ್ಟಿ ಮಾಡುವಾಗ ಅದರ ನಡುವಿನ ತೂತು ಕೂದಲೆಳೆಯಷ್ಟು ಕುಗ್ಗುತ್ತದೆ. ಎಷ್ಟು ಕುಗ್ಗುತ್ತದೆ ಎಂದು ಮೊದಲೇ ತಿಳಿದರೆ ಅಷ್ಟು ದೊಡ್ಡದಾಗಿ ಕೊರೆಯಬಹುದು, ತಿಳಿಯದಿದ್ದರೆ ಇಡೀ ಗೇರು ಗುಜರಿಗೆ. ಯಾವ ಗೇರು, ಯಾವ ಉಕ್ಕು, ಎಷ್ಟು ಕುಗ್ಗುತ್ತದೆ ಎಂಬುದನ್ನು ಹಳೆಯ ಲೇತಿನವರ ಬಾಯಿಂದ ಕೇಳಿ ಕೇಳಿ ಮುತ್ತಣ್ಣ ಒಂದು ಪ್ರೋಗ್ರಾಂ ಬರೆದಿದ್ದರು. 1999ರಿಂದ ಅದು ಆ ಪೆಟ್ಟಿಗೆಯಲ್ಲಿತ್ತು. ಈಗಲೂ ದಿನಕ್ಕೆ ನಾಲ್ಕೈದು ಜನ ಬಾಗಿಲಲ್ಲಿ ತಲೆ ಹಾಕಿ ಗೇರಿನ ನಂಬರು ಹೇಳುತ್ತಿದ್ದರು, ಕೊಟ್ರಪ್ಪನವರು ಬಟ್ಟೆ ಸರಿಸಿ ನೋಡಿ ಅಳತೆ ಹೇಳುತ್ತಿದ್ದರು. ಮಲ್ಲಿಕ್ ಮಾತ್ರ ಆ ಪೆಟ್ಟಿಗೆಗೆ ಗುಜರಿ ಚೀಟಿ ಅಂಟಿಸಿ ಆಗಿತ್ತು. ಕೋಣೆ ಕೈಬಿಟ್ಟರೆ ಪೆಟ್ಟಿಗೆಯೂ ಹೋಗುತ್ತದೆ ಎಂಬುದು ಕೊಟ್ರಪ್ಪನವರಿಗೆ ಗೊತ್ತಿತ್ತು. ಅವರಿಗೆ ಕುರ್ಚಿ ಬೇಕಾಗಿದ್ದದ್ದು ಅದಕ್ಕೇ.

ಮಂಗಳವಾರ ಊಟದ ವಿರಾಮದಲ್ಲಿ ಕಾರ್ಖಾನೆ ನಿಂತಾಗ ನಾನು ಸರ್ವರನ್ನು ನಿಲ್ಲಿಸಿ, ವರ್ಚುವಲೈಸೇಶನ್ ಆಫ್ ಮಾಡಿ, ಮತ್ತೆ ಎಬ್ಬಿಸಿದೆ. ಕೆಲಸ ಶುರುವಾದ ಮೇಲೆ ಅಳತೆ ನೋಡಿದೆ. ಐದೂವರೆ ಜಿಬಿ! ಎರಡು ಜಿಬಿಗಿಂತ ಹೆಚ್ಚು ಉಳಿತಾಯ. ಸರ್ವರ್ ಹಗುರಾಗಿ ಓಡುತ್ತಿತ್ತು.

ನನಗೆ ತಡೆಯಲಾಗಲಿಲ್ಲ. ಅಲ್ಲೇ ಫೋನ್ ತೆಗೆದು ಮಲ್ಲಿಕ್‌ಗೆ, "ತಿನ್ನುತ್ತೆ ಸಾರ್, ಎರಡು ಜಿಬಿ ಚಿಲ್ಲರೆ ತಿನ್ನುತ್ತೆ," ಎಂದುಬಿಟ್ಟೆ. ಹತ್ತು ನಿಮಿಷದಲ್ಲಿ ಮೇಜಿನ ಮೇಲಿನ ಫೋನ್ ಹೊಡೆದುಕೊಂಡಿತು. ಕೊಟ್ರಪ್ಪನವರು ಎತ್ತಿ, "ಹ್ಞೂಂ ಸಾರ್. ಆತು ಸಾರ್," ಎಂದು ಇಟ್ಟರು. ಸೋಮವಾರದಿಂದ ಸ್ಟೋರ್ಸ್. ಅವರು ನನ್ನ ಮೇಲೆ ಸಿಟ್ಟಾಗಲಿಲ್ಲ, ವಾದ ಮಾಡಲಿಲ್ಲ. ಪರದೆಯನ್ನೇ ನೋಡುತ್ತ, "ಎರಡು ಜೀಬಿನಾ?" ಎಂದು ತಮ್ಮಷ್ಟಕ್ಕೆ ತಾವೇ ಕೇಳಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಊಟ ಮಾಡಿಲ್ಲಲ್ಲ ತಂಗೆವ್ವ ನೀನು, ಮನಿಗೆ ಬಾ, ಇಲ್ಲೇ ಐತಿ," ಎಂದರು.

ನನ್ನಿಂದಲೇ ಕೆಲಸ ಕೆಟ್ಟವರು ನನ್ನನ್ನೇ ಊಟಕ್ಕೆ ಕರೆಯುತ್ತಿದ್ದರು. ನಾಚಿಕೆಯಾಯಿತು. ಬೇಡ ಎನ್ನಲು ಬಾಯಿ ಬರಲಿಲ್ಲ.

ಮನೆ ರಾಜಗೋಪಾಲನಗರದ ಒಂದು ಗಲ್ಲಿಯಲ್ಲಿ, ಎರಡು ಕೋಣೆ. ಮಧ್ಯಾಹ್ನ ಮೂರರ ಹೊತ್ತು. ಓಣಿಯೆಲ್ಲ ಮಲಗಿತ್ತು, ಎಲ್ಲೋ ಒಂದು ಪವರ್ ಪ್ರೆಸ್ ಮಾತ್ರ ಧಡ್ ಧಡ್ ಎನ್ನುತ್ತಿತ್ತು. ಶೇಖವ್ವನವರು ಪುಂಡಿಪಲ್ಯ, ಶೇಂಗಾ ಚಟ್ನಿ ಬಡಿಸಿದರು. ಆಮೇಲೆ ಕಿಟಕಿಯ ಕಟ್ಟೆಯಿಂದ ಬಟ್ಟೆ ಮುಚ್ಚಿದ ತಟ್ಟೆ ತಂದು, ಅದರಲ್ಲಿದ್ದ ಒಂದೇ ಒಂದು ಜೋಳದ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದರು.

"ಇದು ಬಂದವರ ರೊಟ್ಟಿ ಯವ್ವ," ಎಂದರು. "ನಮ್ಮತ್ತಿ ಕಾಲದಿಂದ ಹಿಂಗ. ಎಷ್ಟು ಮಂದಿ ಇದ್ರೂ ಒಂದು ರೊಟ್ಟಿ ಜಾಸ್ತಿ ಬಡೀಬೇಕು. ಹೇಳದೆ ಯಾರರ ಬಂದ್ರ, ಕಾಯಸಬಾರದು ನೋಡು."

"ಯಾರೂ ಬರದಿದ್ರೆ?"

"ಹೊತ್ತು ಮುಳುಗೋತನಕ ಇಡೋದು. ಆಮ್ಯಾಲ ಓಣ್ಯಾಗಿನ ದನಕ್ಕ. ಮೊದಲೆಲ್ಲ ಉಳೀತಾನ ಇರಲಿಲ್ಲ. ಮುತ್ತಣ್ಣ ಬಂದು ತಿಂತಿದ್ದಾ."

ಆ ಕೋಣೆಯಲ್ಲೂ ಒಂದು ಬಗೆಯ ಮಂಪರಿತ್ತು. ಬಿಸಿಲು ಪರದೆಯೊಳಗಿಂದ ಸೋಸಿ ಬಂದು ಆ ಖಾಲಿ ತಟ್ಟೆಯ ಮೇಲೆ ಬಿದ್ದಿತ್ತು. ರೊಟ್ಟಿ ಮುರಿಯುತ್ತ ಅದನ್ನೇ ನೋಡುತ್ತಿದ್ದೆ. ಬರದವರಿಗಾಗಿ ಬಡಿದ ರೊಟ್ಟಿಗೂ ಒಂದು ಹಿಡಿ ಹಿಟ್ಟು ಬೇಕೇ ಬೇಕು. ಆದರೆ ರೊಟ್ಟಿ ಬಡಿಯದೆ, ಬರೀ ಬಾಗಿಲು ತೆಗೆದಿಟ್ಟರೆ? ಬಾಗಿಲು ಯಾವ ಹಿಟ್ಟನ್ನು ತಿನ್ನುತ್ತದೆ? ನಾನು ತುತ್ತನ್ನು ಕೈಯಲ್ಲೇ ಹಿಡಿದು ಕೂತುಬಿಟ್ಟೆ. ಬರೀ ಸೌಲಭ್ಯ ಆನ್ ಇದ್ದರೆ ಎರಡು ಜಿಬಿ ತಿನ್ನಲು ಸಾಧ್ಯವೇ ಇಲ್ಲ. ಅಲ್ಲಿ ಯಾರೋ ರೊಟ್ಟಿ ಬಡಿದಿಟ್ಟಿದ್ದಾರೆ. ಒಳಗೆ ಯಾರೂ ಇಲ್ಲ ಎಂದು ಮಲ್ಲಿಕ್ ಹೇಳಿದರು, ಕೊಟ್ರಪ್ಪನವರೂ ಹೇಳಿದರು. ನಾನು ಮಾತ್ರ ಒಳಗೆ ಇಣುಕಿ ನೋಡಿರಲೇ ಇಲ್ಲ. ಮೊದಲನೇ ವರ್ಷದ ಟ್ರೇನಿ ಕೂಡ ಮಾಡದ ತಪ್ಪು.

ಬುಧವಾರ ಊಟದ ವಿರಾಮಕ್ಕೆ ಕಾದು ವರ್ಚುವಲೈಸೇಶನ್ ಮತ್ತೆ ಆನ್ ಮಾಡಿದೆ. ಸರ್ವರ್ ಎದ್ದ ಕೂಡಲೇ ಅತಿಥಿಗಳ ಪಟ್ಟಿ ತೆರೆದೆ. ಪಟ್ಟಿಯಲ್ಲಿ ಒಂದೇ ಒಂದು ಸಾಲಿತ್ತು. ಹೆಸರು: ಮುತ್ತಣ್ಣ. ಸ್ಥಿತಿ: ರನ್ನಿಂಗ್. ಮೆಮೊರಿ: ಎರಡು ಜಿಬಿ.

ಅದನ್ನು ತೆರೆದು ನೋಡಿದರೆ ಕಪ್ಪು ಪರದೆ. ಎಬ್ಬಿಸಲು ಇಲ್ಲಿ ಏನೂ ಇಲ್ಲ ಎನ್ನುವ ಒಂದು ಬಿಳಿ ಸಾಲು ಬಿಟ್ಟರೆ ಖಾಲಿ. ಪ್ರೋಗ್ರಾಂ ಇಲ್ಲ, ಡಿಸ್ಕ್ ಇಲ್ಲ. ಏನೂ ಇಲ್ಲದ ಆ ಕಂಪ್ಯೂಟರು ಎರಡು ವರ್ಷದಿಂದ ಹಗಲೂ ರಾತ್ರಿ ಎಚ್ಚರವಿದ್ದು, ಎರಡು ಜಿಬಿಯನ್ನು ಮಡಿಲಲ್ಲಿ ಹಿಡಿದು ಕೂತಿತ್ತು.

"ಇದೇನು ಕೊಟ್ರಪ್ಪನವ್ರೇ?" ಎಂದು ಕೇಳಿದೆ. ದನಿ ನನಗೇ ಗೊತ್ತಿಲ್ಲದಂತೆ ಏರಿತ್ತು. "ಯಾರೂ ಇಲ್ಲ ಅಂದ್ರಲ್ಲ?"

"ಯಾರೂ ಇಲ್ಲಲ್ಲ ತಂಗೆವ್ವ, ಖಾಲಿ ಐತೆಲ್ಲ," ಎಂದರು. ಅವರ ಮುಖದಲ್ಲಿ ಕಪಟದ ಲವಲೇಶವೂ ಇರಲಿಲ್ಲ. "ಖಾಲಿ ಇದ್ದದ್ದೂ ತಿಂತೈತೇನು?"

ಆಮೇಲೆ ನಿಧಾನವಾಗಿ ಹೇಳಿದರು. ಈ ಸರ್ವರ್ ಬಂದದ್ದು 2010ರ ಶ್ರಾವಣದಲ್ಲಿ. ಆಗ ಮುತ್ತಣ್ಣನಿಗೆ ಶ್ವಾಸಕೋಶದ ಕಾಯಿಲೆ, ಗದಗಿನಲ್ಲಿರುವ ತಂಗಿಯ ಮನೆಗೆ ಹೊರಟಿದ್ದರು. ಹಳೆಯ ಪೆಟ್ಟಿಗೆ ಬಹಳ ದಿನ ಬಾಳುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. 'ಕೊಟ್ರಾ, ದೀಪಾವಳಿ ಮುಗಿಸಿ ಬರ್ತೀನಿ, ಬಂದು ನನ್ನ ಗೇರುಗಳನ್ನೆಲ್ಲ ಈ ಹೊಸದರೊಳಗೆ ಇಳಿಸ್ತೀನಿ, ನನಗ ಒಂದಿಷ್ಟು ಜಾಗಾ ಇಟ್ಟಿರು' ಎಂದು ಹೇಳಿ ಹೋದರು. ಕೊಟ್ರಪ್ಪನವರು ಪುಸ್ತಕ ನೋಡಿಕೊಂಡು ಸೌಲಭ್ಯ ಆನ್ ಮಾಡಿದರು, ಮುತ್ತಣ್ಣನ ಹೆಸರಿನಲ್ಲಿ ಒಂದು ಖಾಲಿ ಕಂಪ್ಯೂಟರು ಮಾಡಿದರು. ಎಷ್ಟು ಜಾಗ ಕೊಡಬೇಕು ಎಂಬ ಪ್ರಶ್ನೆ ಬಂತು. ಹಳೆಯ ಪೆಟ್ಟಿಗೆಯ ಡಿಸ್ಕ್ ಎರಡು ಜಿಬಿ, ಅದಕ್ಕೇ ಮೆಮೊರಿಯನ್ನೂ ಎರಡು ಜಿಬಿ ಕೊಟ್ಟರು. ಸಾಮಾನು ಇಡುವ ಡಿಸ್ಕ್ ಬೇರೆ, ಕೆಲಸದ ಹೊತ್ತಿಗೆ ಬೇಕಾಗುವ ಮೆಮೊರಿ ಬೇರೆ ಎಂದು ಅವರಿಗೆ ಹೇಳಿಕೊಡುವವರು ಆಗ ಹತ್ತಿರ ಇರಲಿಲ್ಲ. ಸರ್ವರ್ ಎದ್ದಾಗಲೆಲ್ಲ ಅದೂ ತಾನಾಗಿ ಏಳುವಂತೆ ಗುರುತು ಹಾಕಿದರು.

"ಬಂದ ಮನುಷ್ಯಾಗ ಬಾಗಲಾ ಬಡದು ಕಾಯೂ ಹಂಗ ಆಗಬಾರದು ಅಂತ," ಎಂದರು.

"ಮತ್ತೆ ಯಾವಾಗ ಬರ್ತಾರಂತೆ ಅವರು?" ಎಂದು ಕೇಳಿದೆ. ಕೇಳುವಾಗಲೇ ಶೇಖವ್ವನವರು 'ತಿಂತಿದ್ದಾ' ಎಂದದ್ದು ನೆನಪಾಗಿ ನಾಲಿಗೆ ಕಚ್ಚಿಕೊಂಡೆ.

"ಬರಂಗಿಲ್ಲವ್ವ. ಹೋದ ವರ್ಷ ಸಂಕ್ರಾಂತಿ ಮುಂದ ಹೋಗಿಬಿಟ್ಟಾ. ನಾನೇ ಹೋಗಿ ಮಣ್ಣು ಕೊಟ್ಟು ಬಂದೆ." ಮಂಜುಗಣ್ಣನ್ನು ಅಂಗಿಯ ತೋಳಿನಿಂದ ಒರೆಸಿಕೊಂಡರು. "ದಿನಾ ಮುಂಜಾನೆ ಬಂದು ಇದನ್ನೊಮ್ಮೆ ತಗದು ನೋಡ್ತೀನಿ. ಮುತ್ತಣ್ಣ, ರನ್ನಿಂಗ್ ಅಂತಿರತೈತಿ. ನನ್ನ ಕೈಯಾರೆ ಹೆಂಗ ಆರಸಲಿ ಹೇಳು?"

ಎ.ಸಿ. ಗುನುಗುತ್ತಿತ್ತು. ನೆಲದ ಮೇಲಿನ ನೀಲಿ ನಿಧಾನವಾಗಿ ಗೋಡೆಯ ಕಡೆಗೆ ಸರಿಯುತ್ತಿತ್ತು. ನನಗೆ ಅಳು ಬಂತು, ಅತ್ತೆ. ಅಳುತ್ತಲೇ ಲೆಕ್ಕ ಹಾಕಿದೆ. ನಿಜ ಹೇಳಿದರೆ ಕೊಟ್ರಪ್ಪನವರ ಪಾಡು ಇನ್ನೂ ಕೆಡುತ್ತದೆ. ಸೌಲಭ್ಯ ತಿನ್ನುತ್ತಿಲ್ಲ ಎಂಬುದೇನೋ ನಿಜ, ಅವರ ಮಾತೇ ಸರಿ. ಆದರೆ ತಿಂದದ್ದು ಅವರೇ ಇಟ್ಟ ಖಾಲಿ ಕಂಪ್ಯೂಟರು. ಸತ್ತ ಗೆಳೆಯನ ಹೆಸರಿನಲ್ಲಿ ಸರ್ವರಿನ ಕಾಲು ಭಾಗ ಎತ್ತಿಟ್ಟಿದ್ದರು ಎಂದರೆ ಮಲ್ಲಿಕ್ ಸೋಮವಾರದವರೆಗೂ ಕಾಯುತ್ತಿರಲಿಲ್ಲ.

"ಹೀಗೆ ಮಾಡೋಣ," ಎಂದೆ. "ಇದನ್ನ ಸುಮ್ನೆ ಅಳಿಸಿ ಹಾಕ್ತೀನಿ. ನನ್ನ ಅಳತೆ ತಪ್ಪಿತ್ತು ಅಂತ ಬರೆದುಕೊಡ್ತೀನಿ. ನಿಮ್ಮ ರೂಮು ಉಳಿಯುತ್ತೆ."

ಕೊಟ್ರಪ್ಪನವರು ನನ್ನ ಕೈ ಬಳಿಯಿದ್ದ ಮೌಸನ್ನು ದೂರ ಸರಿಸಿದರು. ಆಮೇಲೆ, "ರೂಮಿನ ಸಲುವಾಗಿ ಅವನ್ನ ಅಳಸಬ್ಯಾಡ ತಂಗೆವ್ವ. ರೂಮು ಹೋದ್ರ ಹೋಗಲಿ. ನಿನಗ ಬರತೈತಿ ಅಂದ್ರ, ಅವನ ಗೇರುಗಳನ್ನ ಇದರಾಗ ಇಳಸಿಕೊಡು," ಎಂದರು.

ಇಷ್ಟು ಸರಳವಾದದ್ದು ನನಗೆ ಹೊಳೆದಿರಲಿಲ್ಲ. ಅತಿಥಿಯನ್ನು ಕರೆತಂದುಬಿಟ್ಟರೆ ಅದು ಖಾಲಿ ಮನೆಯಾಗಿ ಉಳಿಯುವುದಿಲ್ಲ.

ಗುರುವಾರ ಹಳೆಯ ಪೆಟ್ಟಿಗೆಯ ಬಟ್ಟೆ ತೆಗೆದು, ಡಿಸ್ಕ್ ಬಿಚ್ಚಿ, ನನ್ನ ಲ್ಯಾಪ್‌ಟಾಪಿಗೆ ಜೋಡಿಸಿದೆ. ಹದಿಮೂರು ವರ್ಷದ ಡಿಸ್ಕ್. ತಿರುಗುವಾಗ ಮುದುಕರು ಮೆಟ್ಟಿಲು ಹತ್ತುವ ಹಾಗೆ ನರಳುತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ, ಒಂದು ಚುಕ್ಕಿಯೂ ಬಿಡದೆ ನಕಲು ಮಾಡಬೇಕು. ನಡುವೆ ನಿಂತರೆ ಮುತ್ತಣ್ಣ ಎರಡನೇ ಸಲ ಹೋದ ಹಾಗೆ. ಕೊಟ್ರಪ್ಪನವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಕಣ್ಣು ಮುಚ್ಚಿ, ಕೊರಳಿನ ಲಿಂಗದ ಮೇಲೆ ಕೈಯಿಟ್ಟು ಕೂತರು. ಡಿಸ್ಕ್ ಎರಡು ಸಲ ತಡವರಿಸಿತು, ಮತ್ತೆ ತಿರುಗಿತು. ಕೂತಲ್ಲೇ ನನಗೆ ಜೋಂಪು ಹತ್ತಿತು. ಜೋಂಪಿನಲ್ಲಿ ಯಾರೋ ಒಬ್ಬರು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೆಮ್ಮಿ, ಒಳಗೆ ಬಂದ ಹಾಗಾಯಿತು. ಕಣ್ಣು ಬಿಟ್ಟರೆ ನಕಲು ಮುಗಿದಿತ್ತು. ಬಾಗಿಲಲ್ಲಿ ನಮ್ಮವೇ ಎರಡು ಜೊತೆ ಚಪ್ಪಲಿ.

ಶುಕ್ರವಾರ ಉಳಿದದ್ದು ಒಂದೇ ಕೆಲಸ. ನಕಲನ್ನು ಜೋಡಿಸಬೇಕಾದರೆ, ಮೆಮೊರಿ ಕಡಿಮೆ ಮಾಡಬೇಕಾದರೆ, ಆ ಖಾಲಿ ಕಂಪ್ಯೂಟರನ್ನು ಒಮ್ಮೆ ಆರಿಸಲೇಬೇಕು. ನಾನು ಮೌಸನ್ನು ಅವರ ಕಡೆಗೆ ಸರಿಸಿದೆ.

ಅವರು ಪರದೆಯ ಕಡೆಗೆ ಬಾಗಿ, "ಅಣ್ಣಾ, ಒಂದು ಗಳಿಗಿ ಏಳು. ಹಾಸಿಗಿ ಸರಿ ಮಾಡ್ತೀನಿ," ಎಂದು ಹೇಳಿ ಒತ್ತಿದರು.

ರನ್ನಿಂಗ್ ಇದ್ದ ಜಾಗದಲ್ಲಿ ಆಫ್ ಎಂದು ಬಂತು. ಸರ್ವರಿನ ಮೆಮೊರಿ ಐದೂವರೆಗೆ ಚಿಲ್ಲರೆ ಸೇರಿದಷ್ಟಕ್ಕೆ ಇಳಿಯಿತು. ವರ್ಚುವಲೈಸೇಶನ್ ಆಗಲೂ ಆನ್ ಇತ್ತು, ಅದರ ಸ್ವಂತ ಖರ್ಚು ನೂರು ಎಂಬಿಗಿಂತ, ಅಂದರೆ ಒಂದು ಜಿಬಿಯ ಹತ್ತರಲ್ಲೊಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೇ. ಎಂಟು ಜಿಬಿಯಲ್ಲಿ ಅದು ಲೆಕ್ಕಕ್ಕೇ ಇಲ್ಲ. ಮುತ್ತಣ್ಣನ ಪ್ರೋಗ್ರಾಂಗೆ ಎಷ್ಟು ಬೇಕು ಎಂದು ನೋಡಿದೆ. ಹದಿನಾರು ಎಂಬಿ ಸಾಕಿತ್ತು. ಎರಡು ವರ್ಷ ಇಡೀ ಮನೆ ಬಿಟ್ಟುಕೊಟ್ಟು ಕಾದ ಅತಿಥಿಗೆ ಬೇಕಾಗಿದ್ದದ್ದು ಒಂದು ತುತ್ತು. ಹೋಗಲಿ ಎಂದು ಮೂವತ್ತೆರಡು ಕೊಟ್ಟೆ. ಕೊಟ್ರಪ್ಪನವರೇ ಮತ್ತೆ ಆನ್ ಮಾಡಿದರು.

ಕಪ್ಪು ಪರದೆ. ಒಂದು ಗೆರೆ ಮಿನುಗಿತು, ನಿಂತಿತು, ಮತ್ತೆ ಮಿನುಗಿತು. ಆಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಮೂಡಿತು: 'ಶರಣು. ಯಾವ ಗೇರು?'

"ಶರಣು ಅಣ್ಣಾ," ಎಂದರು ಕೊಟ್ರಪ್ಪ.

ಶನಿವಾರ ಬೆಳಿಗ್ಗೆ ಮಲ್ಲಿಕ್ ಕೋಣೆಗೇ ಬಂದರು, ಬೂಟು ಹಾಕಿಕೊಂಡೇ. ನನ್ನ ವರದಿ ಕೈಯಲ್ಲಿತ್ತು. ಒಳ್ಳೆಯದೋ ಕೆಟ್ಟದ್ದೋ, ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೆ. ಬಳಸದೆ ಬಿಟ್ಟ ಸೌಲಭ್ಯ ಹೆಚ್ಚೇನೂ ತಿನ್ನುವುದಿಲ್ಲ, ಮಂಗಳವಾರ ನಾನು ಫೋನಿನಲ್ಲಿ ಹೇಳಿದ್ದು ತಪ್ಪು, ತಿನ್ನುತ್ತಿದ್ದದ್ದು ಎಚ್ಚರವಾಗಿಟ್ಟಿದ್ದ ಒಂದು ಖಾಲಿ ಕಂಪ್ಯೂಟರು, ಈಗ ಸರಿಹೋಗಿದೆ. ಯಾರು ಇಟ್ಟಿದ್ದರು ಎಂಬುದನ್ನು ಮಾತ್ರ ಬರೆದಿರಲಿಲ್ಲ.

"ಯಾರು ಇಟ್ಟಿದ್ದು ಅದನ್ನ?" ಎಂದರು ಮಲ್ಲಿಕ್.

"ನಾನೇ ಸಾರ್. ಖಾಲಿ ಇದ್ದದ್ದು ತಿನ್ನಂಗಿಲ್ಲ ಅಂತ ತಿಳಕೊಂಡಿದ್ದೆ. ತಪ್ಪಾತು," ಎಂದರು ಕೊಟ್ರಪ್ಪ. "ಸೋಮವಾರದಿಂದ ಸ್ಟೋರ್ಸಿಗೆ ಹೋಗ್ತೀನ್ರಿ. ಆದ್ರ ಇದನ್ನ ಆರಸಬ್ಯಾಡ್ರಿ. ಹಳೇ ಪೆಟಿಗಿ ಬೇಕಾದ್ರ ಗುಜರಿಗೆ ಹಾಕ್ರಿ, ಇದು ಇರಲಿ."

ಮಲ್ಲಿಕ್ ಪರದೆ ನೋಡಿದರು. 'ಶರಣು. ಯಾವ ಗೇರು?' ಓದಿ ಅವರ ಹುಬ್ಬು ಮೇಲೇರಿತು. ಏನಿದು ಎಂದು ಕೇಳಿದರು, ನಾನು ಹೇಳಿದೆ. ಅವರಿಗೆ ನಂಬಿಕೆ ಬರಲಿಲ್ಲ. ಕಿಸೆಯಿಂದ ಒಂದು ಚೀಟಿ ತೆಗೆದರು. ಆ ವಾರವೇ ಬಂದಿದ್ದ ಹೊಸ ಆರ್ಡರಿನ ಗೇರು. ಆಗಲೇ ಒಂಬತ್ತು ಗೇರು ಕುಗ್ಗಿ ಗುಜರಿ ಸೇರಿದ್ದವು, ಆ ಚಿಂತೆಯಲ್ಲೇ ಅವರು ಎರಡು ದಿನದಿಂದ ನಿದ್ದೆಗೆಟ್ಟಿದ್ದರು. ನಂಬರನ್ನು ತಾವೇ ಒತ್ತಿದರು.

ಆ ಗೇರು ಮುತ್ತಣ್ಣನ ಪಟ್ಟಿಯಲ್ಲಿ ಇರುವುದು ಸಾಧ್ಯವೇ ಇರಲಿಲ್ಲ, ಅದು ಹುಟ್ಟುವ ಮೊದಲೇ ಅವರು ಹೋಗಿಯಾಗಿತ್ತು. ಪಟ್ಟಿಯಲ್ಲಿಲ್ಲದ ಗೇರನ್ನು ಇದುವರೆಗೆ ಯಾರೂ ಆ ಪ್ರೋಗ್ರಾಂಗೆ ಕೇಳಿರಲಿಲ್ಲ. ಯಾವುದು ಇದೆ, ಯಾವುದು ಇಲ್ಲ ಎಂಬುದು ಕೊಟ್ರಪ್ಪನವರಿಗೆ ಬಾಯಿಪಾಠ, ಇಲ್ಲದ್ದನ್ನು ಅವರು ಒತ್ತುತ್ತಲೇ ಇರಲಿಲ್ಲ. ಹಾಗಾಗಿ ಇಲ್ಲದ ಗೇರು ಕೇಳಿದರೆ ಏನು ಹೇಳಬೇಕೆಂದು ಮುತ್ತಣ್ಣ ಬರೆದಿಟ್ಟಿದ್ದರು ಎಂಬುದು ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿರಲಿಲ್ಲ.

ಗೆರೆ ಮಿನುಗಿತು. ಒಂದೊಂದೇ ಅಕ್ಷರವಾಗಿ ಸಾಲು ಮೂಡಿತು. ಮಲ್ಲಿಕ್ ಅದನ್ನು ಗಟ್ಟಿಯಾಗಿ ಓದಿದರು: "ನನಗ ಗೊತ್ತಿಲ್ಲ. ಕೊಟ್ರಪ್ಪನ್ನ ಕೇಳು."

ಕೊಟ್ರಪ್ಪನವರು ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅವರ ಮಂಜುಗಣ್ಣಲ್ಲೂ ನೀರಿತ್ತು, ಸರಿಯಿದ್ದ ಕಣ್ಣಲ್ಲೂ ನೀರಿತ್ತು. ಮಲ್ಲಿಕ್ ಚೀಟಿಯನ್ನೊಮ್ಮೆ ನೋಡಿದರು, ಪರದೆಯನ್ನೊಮ್ಮೆ ನೋಡಿದರು. ಆಮೇಲೆ ಮೊದಲ ಸಲ ಅವರನ್ನು ಹೆಸರು ಹಿಡಿದು ಮಾತಾಡಿಸಿದರು.

"ಕೊಟ್ರಪ್ಪನವರೇ, ಈ ಗೇರಿಗೆ ಎಷ್ಟು ಬಿಡಬೇಕು?"

ಕೊಟ್ರಪ್ಪ ಚೀಟಿಯನ್ನು ಎಡಗಣ್ಣಿನ ಹತ್ತಿರ ಹಿಡಿದು, ಯಾವ ಉಕ್ಕು, ಎಷ್ಟು ದಪ್ಪ ಎಂದು ಓದಿದರು. ಗೋಡೆಯಾಚೆಯ ಲೇತುಗಳ ಗುನುಗನ್ನು ಒಂದು ಗಳಿಗೆ ಕೇಳಿಸಿಕೊಂಡು, ಅಳತೆ ಹೇಳಿದರು.

"ಇದನ್ನೂ ಅದರಲ್ಲಿ ಸೇರಿಸಿ," ಎಂದರು ಮಲ್ಲಿಕ್. ಬಾಗಿಲವರೆಗೆ ಹೋದವರು ನಿಂತು, ತಮ್ಮ ಬೂಟುಗಳನ್ನು ನೋಡಿಕೊಂಡರು. "ಸೋಮವಾರವೂ ಇಲ್ಲೇ ಬನ್ನಿ."

ಕೋಣೆ ನಮ್ಮ ಕಂಪನಿಗೆ ಸಿಗಲಿಲ್ಲ, ಕೃಷ್ಣಪ್ಪನವರಿಂದ ನಾನು ಚೆನ್ನಾಗಿ ಬೈಸಿಕೊಂಡೆ. ನನಗೇನೂ ಅನ್ನಿಸಲಿಲ್ಲ. ಆ ಶನಿವಾರ ಸಂಜೆ ಕಾರ್ಖಾನೆಯಿಂದ ಹೊರಡುವಾಗ ತಿರುಗಿ ನೋಡಿದೆ. ಕೊಟ್ರಪ್ಪನವರು ಮಿನುಗುವ ಗೆರೆಯ ಮುಂದೆ ಕೂತು, ಆ ಹೊಸ ಗೇರಿನ ನಂಬರನ್ನು ಅಕ್ಷರ ಅಕ್ಷರ ಹುಡುಕಿ ಒತ್ತುತ್ತಿದ್ದರು. ನಿಧಾನವಾಯಿತೆಂದು ಬೈಯುವವರು ಅಲ್ಲಿ ಯಾರೂ ಇರಲಿಲ್ಲ. ಆದರೂ ಅವರು, "ಬಂದೆ ಅಣ್ಣಾ, ಬಂದೆ, ತಡಿ," ಎನ್ನುತ್ತಿದ್ದರು.